ಸುಗಂಧಿ ಗಿಡದ ಕುಂಡ ಸೀಳಿದೆ, ಈಗಲೇ ಬದಲಾಯಿಸಬಹುದಾ?

ಕುಂಡತೋಟ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಬಿಳಿ ಸುಗಂಧಿ ಗಿಡ ಇದೆ. ಶುಂಠಿ ಜಾತಿಯದು. ಚಿಟ್ಟೆಯ ಹಾಗೆ ಕಾಣುವ ಹೂವು, ಸಂಜೆ ಹೊತ್ತಿಗೆ ಅರಳಿ ಘಮ್ ಅನ್ನುತ್ತದಲ್ಲ, ಅದು. ನಾಲ್ಕು ವರ್ಷದಿಂದ ಹತ್ತು ಇಂಚಿನ ಒಂದೇ ಪ್ಲಾಸ್ಟಿಕ್ ಕುಂಡದಲ್ಲಿದೆ. ಮೊದಲ ಎರಡು ವರ್ಷ ಚೆನ್ನಾಗಿ ಹೂ ಬಿಟ್ಟಿತು. ಆಮೇಲೆ ಒಂದೂ ಇಲ್ಲ.

ಇವತ್ತು ಬೆಳಿಗ್ಗೆ ನೋಡಿದರೆ ಕುಂಡದ ಒಂದು ಮಗ್ಗುಲು ಮೇಲಿಂದ ಕೆಳಗಿನ ತನಕ ಸೀಳಿದೆ. ಸೀಳಿನಿಂದ ಹೆಬ್ಬೆರಳು ಗಾತ್ರದ ಗಡ್ಡೆ ಇಣುಕುತ್ತಿದೆ. ಅದರ ತುದಿಯಲ್ಲಿ ನಸುಗೆಂಪು ಮೊಳಕೆ. ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಗಾಬರಿ.

ನೀರಿನದು ದೊಡ್ಡ ತೊಂದರೆ. ಎಷ್ಟು ಹಾಕಿದರೂ ಅರ್ಧ ನಿಮಿಷದಲ್ಲಿ ಕೆಳಗಿನ ತೂತಿನಿಂದ ಸುರಿದು ಹೋಗುತ್ತದೆ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಇಲ್ಲ. ಎಲೆಗಳೆಲ್ಲ ಉದ್ದಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ. ಸಂಜೆ ಮತ್ತೆ ಹಾಕಿದರೆ ಬಿಚ್ಚಿಕೊಳ್ಳುತ್ತವೆ. ಎಲೆ ತುದಿಗಳು ಕಂದಾಗಿ ಒಣಗಿವೆ.

ಕೇಳಬೇಕಾಗಿರುವುದು ಇಷ್ಟು. ಈಗ ಮೊಳಕೆ ಏಳುತ್ತಿರುವಾಗ ಕುಂಡ ಬದಲಾಯಿಸಿದರೆ ಪೆಟ್ಟಾಗುತ್ತದಾ? ಪೂರ್ತಿ ಗೊಂಚಲನ್ನು ಹಾಗೇ ದೊಡ್ಡ ಕುಂಡಕ್ಕೆ ಇಳಿಸಲಾ, ಬಿಡಿಸಿ ಬೇರೆ ಬೇರೆ ನೆಡಲಾ? ಇದು ನೀರು ಬೇಡುವ ಗಿಡ ಅಂತ ಗೊತ್ತು, ಹಾಗಾದರೆ ಮಣ್ಣು ಎಂಥದು ಹಾಕಲಿ?

ಹಸಿರೆಲೆ:

ತಡ ಮಾಡಬೇಡಿ, ಇವತ್ತೇ ಬದಲಾಯಿಸಿ. ನಾನು ಎಲ್ಲ ಗಿಡಕ್ಕೂ ಮಾಡುವುದು ಒಂದೇ. ಹಳೆಯದಕ್ಕಿಂತ ಎರಡು ಪಟ್ಟು ದೊಡ್ಡ ಕುಂಡ ತಗೊಳ್ಳಿ. ತಳಕ್ಕೆ ಎರಡು ಇಂಚು ಜಲ್ಲಿ ಅಥವಾ ಹೆಂಚಿನ ಚೂರು ಹಾಕಿ, ನೀರು ಬಸಿಯಲಿಕ್ಕೆ. ಮೇಲೆ ಒಳ್ಳೆ ತೋಟದ ಮಣ್ಣು, ಗೊಬ್ಬರ. ಗೊಂಚಲನ್ನು ಒಡೆಯಬೇಡಿ, ಹಾಗೇ ಇಡಿ. ಬೇರು ಮುಟ್ಟಿದರೆ ಗಿಡ ಮುನಿಸಿಕೊಳ್ಳುತ್ತದೆ.

ಮಣ್ಣಿನಹದ:

ಕುಂಡತೋಟ ಅವರೇ, ನಿಮ್ಮ ಗಿಡಕ್ಕೆ ರೋಗ ಇಲ್ಲ. ಜಾಗ ಇಲ್ಲ, ಅಷ್ಟೇ. ನೀವು ಹೇಳಿದ ಲಕ್ಷಣ ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿವೆ. ನೀರು ಸುರಿದು ಹೋಗುವುದು, ಮಧ್ಯಾಹ್ನ ಎಲೆ ಸುತ್ತಿಕೊಳ್ಳುವುದು, ಹೂ ನಿಂತಿರುವುದು, ಕುಂಡ ಸೀಳಿರುವುದು. ಒಳಗೆ ಈಗ ಮಣ್ಣು ಅಂತ ಹೇಳುವಷ್ಟು ಉಳಿದಿರುವುದಿಲ್ಲ. ಬರೀ ಗಡ್ಡೆ, ಬೇರು. ನೀರು ನಿಲ್ಲಲು ಮಣ್ಣೇ ಇಲ್ಲದಿದ್ದರೆ ಬೇರಿನ ಸಂದಿಯಲ್ಲಿ ಜಾರಿ ಹೋಗುತ್ತದೆ, ಇನ್ನೇನು ಮಾಡುತ್ತೆ.

ಕಾಲದ ವಿಷಯಕ್ಕೆ ಬಂದರೆ, ನೀವು ಸರಿಯಾದ ಹೊತ್ತಿಗೇ ಕೇಳಿದ್ದೀರಿ. ಹೊಸ ಮೊಳಕೆ ಕಣ್ಣು ಬಿಡುತ್ತಿರುವಾಗ ಗಡ್ಡೆಯಲ್ಲಿ ಕೂಡಿಟ್ಟ ಆಹಾರ ತುಂಬಾ ಇರುತ್ತದೆ, ಹೊಸ ಬೇರು ಬೇಗ ಬರುತ್ತದೆ. ಮೊಗ್ಗು ಕಾಣಿಸಿಕೊಂಡ ಮೇಲೆ ಮುಟ್ಟಿದರೆ ಆ ಸಲದ ಹೂ ಹೋಯಿತು ಅಂತಲೇ ಲೆಕ್ಕ. ಚಳಿಯಲ್ಲಿ, ಗಿಡ ಮಲಗಿರುವಾಗ ಬಿಡಿಸಿದರೆ ಗಾಯ ಆರುವುದು ನಿಧಾನ, ಕೊಳೆಯುವ ಭಯ ಜಾಸ್ತಿ.

ಬಿಡಿಸುವುದಾ ಬೇಡವಾ ಅನ್ನುವುದರಲ್ಲಿ ಹಸಿರೆಲೆ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಬೇರು ಮುಟ್ಟಿದರೆ ಸೊರಗುವ ಗಿಡಗಳು ಇವೆ, ನಿಜ. ಸುಗಂಧಿ ಅಂಥದಲ್ಲ. ಇದರ ಗಡ್ಡೆ ಮಣ್ಣಿನ ಮೇಲ್ಪದರದಲ್ಲೇ ಅಡ್ಡಡ್ಡ ಹರಿದು ಹೋಗುತ್ತದೆ. ತುದಿಯಲ್ಲಿ ಮಾತ್ರ ಹೊಸ ದಂಟು. ಹಿಂದಿನ ಭಾಗ ಹಳೆಯದಾಗುತ್ತಾ ಹೋಗುತ್ತದೆ. ಕುಂಡದಲ್ಲಿ ಗೋಡೆ ಸಿಕ್ಕಿದ ಕೂಡಲೇ ತುದಿಗಳೆಲ್ಲ ಅಂಚಿಗೆ ಒತ್ತಿಕೊಳ್ಳುತ್ತವೆ, ನಡುವೆ ಬರೀ ಮುದಿ ಗಡ್ಡೆ ಉಳಿಯುತ್ತದೆ. ಹಾಗೇ ಎತ್ತಿ ದೊಡ್ಡ ಕುಂಡಕ್ಕೆ ಇಟ್ಟರೆ ಆ ಮುದಿ ಗಡ್ಡೆಯನ್ನೂ ಜೊತೆಗೆ ಸಾಕಿದ ಹಾಗೆ.

ಇನ್ನೊಂದು ಮಾತು. ಒಂದು ದಂಟು ಒಂದೇ ಸಲ ಹೂ ಬಿಡುವುದು. ಅದರ ತುದಿಯಲ್ಲಿ ಹೂ ಮುಗಿದರೆ ಆ ದಂಟಿನ ಕೆಲಸ ಮುಗಿಯಿತು. ಮುಂದಿನ ಹೂವು ಹೊಸ ದಂಟಿನಿಂದಲೇ ಬರಬೇಕು. ಹೊಸ ದಂಟು ದಪ್ಪಗೆ ಬರಬೇಕೆಂದರೆ ಗಡ್ಡೆಯ ತುದಿಗೆ ಓಡಲು ಜಾಗ ಬೇಕು. ಎರಡು ವರ್ಷದಿಂದ ಹೂ ಇಲ್ಲದ್ದಕ್ಕೆ ನನಗೆ ಕಾಣುವ ಕಾರಣ ಇದು.

ಒಂದು ಕೇಳಬೇಕು, ಕುಂಡ ಇರುವ ಜಾಗಕ್ಕೆ ಬಿಸಿಲು ಬರುತ್ತದಾ? ಪೂರ್ತಿ ನೆರಳಿನಲ್ಲಿ ಎಲೆ ಸೊಂಪಾಗಿ ಬರುತ್ತದೆ, ಹೂ ಬರುವುದಿಲ್ಲ.

ಕುಂಡತೋಟ:

ಬೆಳಗಿನ ಬಿಸಿಲು ಮೂರ್ನಾಲ್ಕು ಗಂಟೆ ಬರುತ್ತದೆ. ಆಮೇಲೆ ನೆರಳು. ಮೊದಲಿನಿಂದಲೂ ಅದೇ ಜಾಗ.

ಮಣ್ಣಿನಹದ:

ಹಾಗಾದರೆ ಜಾಗ ಚೆನ್ನಾಗಿದೆ, ಅಲ್ಲಿಂದ ಕದಲಿಸಬೇಡಿ.

ಹೊಸಚಿಗುರು:

ನಾನು ಹೊಸಬಳು, ತಪ್ಪು ತಿಳಿಯಬೇಡಿ. ಸುಗಂಧಿ ಹಳ್ಳದ ಬದಿಯಲ್ಲಿ, ಕೆಸರಿನಲ್ಲೇ ಬೆಳೆಯುತ್ತದಲ್ವಾ? ಹಾಗಿದ್ದರೆ ತೂತಿಲ್ಲದ ಬಕೆಟ್‌ನಲ್ಲಿ ಮಣ್ಣು ತುಂಬಿಸಿ ನೆಟ್ಟರೆ ಆಗುವುದಿಲ್ವಾ? ನೀರು ಹಾಕುವ ಕೆಲಸವೂ ಕಡಿಮೆ ಆಗುತ್ತದೆ.

ಮಣ್ಣಿನಹದ:

ತಪ್ಪೇನಿಲ್ಲ, ಇದನ್ನು ಕೇಳಿದ್ದು ಒಳ್ಳೆಯದೇ ಆಯಿತು. ನೀರು ಇಷ್ಟಪಡುವ ಗಿಡಗಳನ್ನು ಕುಂಡದಲ್ಲಿ ಸಾಯಿಸುವ ಯೋಚನೆ ಇದೇ. ಒಳ್ಳೆ ಮನಸ್ಸಿನಿಂದಲೇ ಸಾಯಿಸುತ್ತೇವೆ.

ಹಳ್ಳದ ಬದಿ ಮಣ್ಣಿನಲ್ಲಿ ನೀರು ಇರುತ್ತದೆ, ಆದರೆ ಅದು ಕದಲುತ್ತಿರುತ್ತದೆ. ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತದೆ. ಬರುವ ನೀರಿನ ಜೊತೆ ಗಾಳಿಯೂ ಬರುತ್ತದೆ. ಬಕೆಟ್‌ನಲ್ಲಿ ನೀರು ನಿಂತೇ ಇರುತ್ತದೆ. ಬೇರು ಉಸಿರಾಡಲು ಆಮ್ಲಜನಕ ಬೇಕು. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ಆಮ್ಲಜನಕ ನೀರಿನಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ಸಂದಿಗಳೆಲ್ಲ ನೀರಿನಿಂದ ತುಂಬಿ ನಿಂತರೆ ಇದ್ದ ಆಮ್ಲಜನಕವನ್ನು ಬೇರು ಬೇಗ ಬಳಸಿಬಿಡುತ್ತದೆ, ಮತ್ತೆ ಬರುವುದಿಲ್ಲ. ಆಮೇಲೆ ಕೊಳೆ. ಶುಂಠಿ ಬೆಳೆಯುವವರು ಗಡ್ಡೆ ಕೊಳೆ ರೋಗಕ್ಕೆ ಎಷ್ಟು ಹೆದರುತ್ತಾರೆ ನೋಡಿ. ಅದನ್ನು ತರುವ ಪಿಥಿಯಂ ಅನ್ನುವ ಜೀವಿಗೆ ನೀರು ನಿಂತ ಮಣ್ಣು ಅಂದರೆ ಹಬ್ಬ.

ಸುಗಂಧಿಗೆ ಬೇಕಾಗಿರುವುದು ತೇವ. ಅದು ಸದಾ ಇರಬೇಕು. ಆದರೆ ತೇವದ ನಡುವೆ ಗಾಳಿಗೂ ಸಂದಿ ಇರಬೇಕು. ಹಿಂಡಿದ ಬಟ್ಟೆಯ ಹಾಗೆ ಇರಲಿ ಮಣ್ಣು. ಅದ್ದಿ ಎತ್ತಿದ ಬಟ್ಟೆಯ ಹಾಗೆ ಬೇಡ.

ಹಸಿರೆಲೆ ಅವರು ಹೇಳಿದ ಜಲ್ಲಿಯ ವಿಷಯಕ್ಕೂ ಇಲ್ಲೇ ಬರುತ್ತೇನೆ. ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ನಾನೂ ತುಂಬಾ ವರ್ಷ ನಂಬಿದ್ದೆ. ಸಣ್ಣ ಸಂದಿಯ ಮಣ್ಣಿನಿಂದ ದೊಡ್ಡ ಸಂದಿಯ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಅದನ್ನು ಹಿಡಿದುಕೊಂಡೇ ಇರುತ್ತದೆ. ಎಲ್ಲ ಕುಂಡದ ತಳದಲ್ಲೂ ನೀರು ತುಂಬಿ ನಿಂತ ಒಂದು ಪದರ ಇದ್ದೇ ಇರುತ್ತದೆ, ತೂತು ಎಷ್ಟೇ ಇರಲಿ. ಜಲ್ಲಿ ಹಾಕಿದರೆ ಆ ಪದರ ಇಲ್ಲವಾಗುವುದಿಲ್ಲ, ಮೇಲಕ್ಕೆ ಏರುತ್ತದೆ. ಗಡ್ಡೆಗೆ ಹತ್ತಿರ ಬರುತ್ತದೆ. ಜೊತೆಗೆ ಎರಡು ಇಂಚು ಮಣ್ಣಿನ ಜಾಗವೂ ಹೋಯಿತು.

ಮನೆಯಲ್ಲಿ ಪಾತ್ರೆ ತೊಳೆಯುವ ಸ್ಪಂಜ್ ಇದ್ದರೆ ಹೀಗೆ ಮಾಡಿ ನೋಡಿ. ನೀರಿನಲ್ಲಿ ಪೂರ್ತಿ ಮುಳುಗಿಸಿ ಎತ್ತಿ. ಅಗಲದ ಮಗ್ಗುಲು ಕೆಳಗೆ ಬರುವ ಹಾಗೆ, ಮಲಗಿಸಿ ಹಿಡಿಯಿರಿ. ಸ್ವಲ್ಪ ನೀರು ಸೋರಿ ನಿಲ್ಲುತ್ತದೆ. ಒಂದು ಹನಿಯೂ ಬೀಳದ ತನಕ ಕಾಯಿರಿ. ಆಮೇಲೆ ಹಿಂಡದೆ, ಸುಮ್ನೆ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸೋರಲು ಶುರುವಾಗುತ್ತದೆ. ಸ್ಪಂಜ್ ಅದೇ, ನೀರೂ ಅದೇ. ಎತ್ತರ ಮಾತ್ರ ಬದಲಾಯಿತು. ತಳದ ತೇವದ ಪದರ ಎಷ್ಟು ದಪ್ಪ ಅನ್ನುವುದು ಮಣ್ಣಿನ ಗುಣದ ಮೇಲೆ ಹೋಗುತ್ತದೆ. ಹಾಗಾಗಿ ಗಿಡ್ಡ ಕುಂಡದಲ್ಲಿ ಮಣ್ಣಿನ ದೊಡ್ಡ ಪಾಲು ನೆನೆದಿರುತ್ತದೆ, ಎತ್ತರದ ಕುಂಡದಲ್ಲಿ ಸಣ್ಣ ಪಾಲು.

ಕಳ್ಳಿ ಜಾತಿಗೆ ಇದು ಕಂಟಕ. ಸುಗಂಧಿಗೆ ಅನುಕೂಲ. ಅಗಲವಾದ, ತೀರಾ ಆಳ ಇಲ್ಲದ ಕುಂಡ ಕೊಡಿ. ಗಡ್ಡೆ ಅಡ್ಡಕ್ಕೆ ಓಡುತ್ತದೆ, ಮೇಲಿನ ಮಣ್ಣಿನಲ್ಲಿ ಗಾಳಿ ಸಿಗುತ್ತದೆ, ಕೆಳಗಿನ ಬೇರಿಗೆ ನೀರು ಸಿಗುತ್ತದೆ. ಹದಿನಾಲ್ಕರಿಂದ ಹದಿನಾರು ಇಂಚು ಅಗಲ, ಹನ್ನೆರಡು ಇಂಚು ಆಳ ಇದ್ದರೆ ಸಾಕು.

ಹಸಿರೆಲೆ:

ಸ್ಪಂಜ್ ಮಾಡಿ ನೋಡಿದೆ. ನೀವು ಹೇಳಿದ ಹಾಗೇ ಆಯಿತು. ನೆಟ್ಟಗೆ ಹಿಡಿದಾಗ ಅಷ್ಟು ನೀರು ಬರುತ್ತೆ ಅಂತ ನಿರೀಕ್ಷೆ ಮಾಡಿರಲಿಲ್ಲ. ನನ್ನ ಎಲ್ಲ ಕುಂಡದಲ್ಲೂ ಜಲ್ಲಿ ಇದೆ. ಆದರೆ ತೂತಿನಿಂದ ಮಣ್ಣು ಕೊಚ್ಚಿ ಹೋಗಬಾರದಲ್ಲ, ಅದಕ್ಕಾದರೂ ಏನಾದರೂ ಹಾಕಬೇಕು ತಾನೇ?

ಮಣ್ಣಿನಹದ:

ತೂತಿನ ಮೇಲೆ ಒಂದು ತುಂಡು ಸೊಳ್ಳೆ ಪರದೆ ಬಲೆ ಸಾಕು. ಮಣ್ಣು ನಿಲ್ಲುತ್ತದೆ, ನೀರು ಹೋಗುತ್ತದೆ. ಈಗಾಗಲೇ ಚೆನ್ನಾಗಿ ಬೆಳೆಯುತ್ತಿರುವ ಗಿಡಗಳನ್ನು ಜಲ್ಲಿ ತೆಗೆಯಲಿಕ್ಕೆ ಅಂತ ಕೀಳಬೇಡಿ. ಮುಂದೆ ಕುಂಡ ಬದಲಾಯಿಸುವಾಗ ನೋಡಿಕೊಂಡರಾಯಿತು.

ನೀರುನೆರಳು:

ಮಣ್ಣಿನ ಬಗ್ಗೆ ನಾನು ಹೇಳಬಹುದು, ಯಾಕೆಂದರೆ ಇದೇ ಗಿಡದಲ್ಲಿ ನಾನು ಪೆಟ್ಟು ತಿಂದಿದ್ದೇನೆ.

ಮೊದಲ ಸಲ ಬರೀ ಕೆಂಪು ಮಣ್ಣಿನಲ್ಲಿ ನೆಟ್ಟೆ. ನೆಲದಲ್ಲಿ ಚೆನ್ನಾಗಿದ್ದ ಮಣ್ಣು ಕುಂಡದಲ್ಲಿ ನಾಲ್ಕು ತಿಂಗಳಿಗೆ ಇಟ್ಟಿಗೆ ಆಯಿತು. ನೆಲದಲ್ಲಿ ಎರೆಹುಳು, ಇರುವೆ, ಬೇರೆ ಗಿಡದ ಬೇರು ಎಲ್ಲ ಸೇರಿ ಮಣ್ಣನ್ನು ಸಡಿಲ ಮಾಡುತ್ತಿರುತ್ತವೆ. ಕುಂಡದಲ್ಲಿ ಆ ಕೆಲಸ ಮಾಡುವವರು ಯಾರೂ ಇಲ್ಲ. ಎರಡನೇ ಸಲ ಬರೀ ಕೋಕೋಪೀಟ್, ಅಂದರೆ ತೆಂಗಿನ ಸಿಪ್ಪೆಯ ಹುಡಿ. ಅದು ತೇವ ಇರುವ ತನಕ ಚೆನ್ನಾಗಿರುತ್ತದೆ. ಒಂದು ಸಲ ಪೂರ್ತಿ ಒಣಗಿತೋ, ಆಮೇಲೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ಮೇಲೆ ಹಾಕಿದ ನೀರು ಕುಂಡದ ಗೋಡೆ ಪಕ್ಕದಿಂದ ಇಳಿದು ಹೋಗುತ್ತದೆ, ನಡುವೆ ಒಣ ಉಂಡೆ ಹಾಗೇ ಇರುತ್ತದೆ. ಹೀಗಾದರೆ ಕುಂಡವನ್ನು ಒಂದು ಟಬ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಕೆಳಗಿನಿಂದ ನೆನೆಸಬೇಕು.

ಈಗ ನಾನು ಹಾಕುವುದು ಎರಡು ಪಾಲು ಹುಡಿ ಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ನೆನೆಸಿ ತೊಳೆದ ಕೋಕೋಪೀಟ್, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಮರಳು. ನಯ ಮರಳು ಬೇಡವೇ ಬೇಡ, ಅದು ಸಂದಿಗಳನ್ನು ತುಂಬಿಬಿಡುತ್ತದೆ. ಗೊಬ್ಬರ ಹಸಿಯಾಗಿದ್ದರೂ ಬೇಡ, ಕಳಿಯುವಾಗ ಬಿಸಿ ಹುಟ್ಟುತ್ತದೆ, ಗಡ್ಡೆಯ ಗಾಯಕ್ಕೆ ಅದು ಒಳ್ಳೆಯದಲ್ಲ. ಕೋಕೋಪೀಟ್ ತೊಳೆಯಿರಿ ಅನ್ನುವುದು ಸುಮ್ನೆ ಹೇಳಿದ್ದಲ್ಲ. ಇಟ್ಟಿಗೆಯ ಹಾಗೆ ಒತ್ತಿ ಮಾರುವ ಕೆಲವು ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುತ್ತದೆ. ಎಲೆ ತುದಿ ಸುಡಲು ಅದೂ ಒಂದು ಕಾರಣ.

ಕುಂಡದ ಗಾತ್ರದಲ್ಲೂ ಎಚ್ಚರ. ಒಂದು ಸಲ ಸಣ್ಣ ತುಂಡು ಗಡ್ಡೆಯನ್ನು ಇಪ್ಪತ್ತು ಇಂಚಿನ ಕುಂಡಕ್ಕೆ ಹಾಕಿದೆ, ಮುಂದೆ ಬೆಳೆಯುತ್ತಲ್ಲ ಅಂತ. ಬೇರೇ ಇಲ್ಲದ ಅಷ್ಟು ಮಣ್ಣು ನೀರು ಕುಡಿದು ಕೂತಿತು, ಎಳೆದುಕೊಳ್ಳುವವರು ಯಾರೂ ಇರಲಿಲ್ಲ. ಮೂರು ವಾರಕ್ಕೆ ಕೆದಕಿ ನೋಡಿದರೆ ಗಡ್ಡೆ ಬೆರಳಿಗೆ ಮೆತ್ತಗೆ ಸಿಕ್ಕಿತು, ಕೆಟ್ಟ ವಾಸನೆ. ತುಂಬಾ ಬೇಜಾರಾಯಿತು. ನನಗೆ ಪ್ರೀತಿಯಿಂದ ಕೊಟ್ಟ ಗಡ್ಡೆ ಅದು.

ಮಣ್ಣಿನ ಕುಂಡವಾ ಪ್ಲಾಸ್ಟಿಕ್ಕಾ ಅಂದರೆ, ಈ ಗಿಡಕ್ಕೆ ನನ್ನ ಮತ ಪ್ಲಾಸ್ಟಿಕ್‌ಗೆ. ಮಣ್ಣಿನ ಕುಂಡ ಚೆಂದ, ಆದರೆ ಗೋಡೆಯಿಂದಲೇ ನೀರು ಆರಿ ಹೋಗುತ್ತದೆ. ದಿನಕ್ಕೆ ಎರಡು ಸಲ ನೀರು ಹಾಕಲು ಪುರುಸೊತ್ತು ಇದ್ದರೆ ಮಣ್ಣಿನದೇ ಇಡಿ.

ಕುಂಡತೋಟ:

ನಿನ್ನೆ ಮಾಡಿದೆ! ಎಲ್ಲರ ಸಲಹೆ ಇಟ್ಟುಕೊಂಡೇ ಕೆಲಸ ಶುರು ಮಾಡಿದ್ದು. ಏನೇನಾಯಿತು ಅಂತ ಬಿಡಿಸಿ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು.

ಹಿಂದಿನ ರಾತ್ರಿ ಚೆನ್ನಾಗಿ ನೀರು ಹಾಕಿದ್ದೆ. ಬೆಳಿಗ್ಗೆ ಕುಂಡ ಅಡ್ಡ ಮಲಗಿಸಿ ಎಳೆದರೆ ಜಪ್ಪಯ್ಯ ಅಂದರೂ ಬರಲಿಲ್ಲ. ಹೇಗೂ ಸೀಳಿದೆ ಅಂತ ಕತ್ತರಿಯಲ್ಲಿ ಆ ಸೀಳನ್ನೇ ಕೆಳಗಿನ ತನಕ ಕತ್ತರಿಸಿ ಬಿಚ್ಚಿದೆ. ಒಳಗೆ ನೋಡಿ ದಂಗಾದೆ. ಕುಂಡದ ಆಕಾರದಲ್ಲೇ ಬೇರಿನ ಅಚ್ಚು. ಮೇಲೆ ಗಡ್ಡೆ ಒಂದರ ಮೇಲೊಂದು ಹತ್ತಿ ಕುಳಿತಿವೆ. ತಳದಲ್ಲಿ ಬಿಳಿ ಬೇರು ಸುತ್ತಿ ಸುತ್ತಿ ಚಾಪೆ ಹಾಗೆ ಆಗಿದೆ. ಮಣ್ಣು ಹಿಡಿಯಷ್ಟು ಸಿಕ್ಕರೆ ಹೆಚ್ಚು. ಮಣ್ಣಿನಹದ ಅವರು ನೋಡದೆಯೇ ಹೇಳಿದ್ದು ಅಕ್ಷರಶಃ ನಿಜ.

ಬೇರು ಬಿಡಿಸಲು ಕೈಯಿಂದ ಆಗಲಿಲ್ಲ. ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ ಇಟ್ಟೆ. ಅರ್ಧ ಗಂಟೆ ಆದ ಮೇಲೆ ನೀರಿನೊಳಗೇ ಬೆರಳಾಡಿಸುತ್ತಾ ಹೋದರೆ ಒಂದೊಂದೇ ಸಡಿಲವಾಯಿತು. ತಳದ ಚಾಪೆಯನ್ನು ಚಾಕುವಿನಿಂದ ಒಂದೂವರೆ ಇಂಚಿನಷ್ಟು ಕೊಯ್ದು ತೆಗೆದೆ. ಮನಸ್ಸು ಹಿಂಜರಿಯಿತು, ಆದರೂ ತೆಗೆದೆ.

ಗಡ್ಡೆ ಕತ್ತರಿಸುವ ಮೊದಲು ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಕತ್ತರಿಸಿದ ಕೂಡಲೇ ಶುಂಠಿಯದೇ ತರಹದ ಖಾರ ವಾಸನೆ ಮೂಗಿಗೆ ಬಂತು. ಒಳಗೆ ಬೆಳ್ಳಗೆ, ಗಟ್ಟಿಯಾಗಿತ್ತು. ನಡುವಿನ ಮುದಿ ಗಡ್ಡೆ ಮಾತ್ರ ಕಂದು ಬಣ್ಣ, ಒಣ ಬೆಂಡಿನ ಹಾಗೆ ಹಗುರ. ಅದನ್ನೆಲ್ಲ ತೆಗೆದೆ. ಕೊನೆಗೆ ಒಳ್ಳೆಯ ಐದು ತುಂಡು ಉಳಿದವು, ಒಂದೊಂದರಲ್ಲೂ ಎರಡು ಮೂರು ಮೊಳಕೆ. ಕೊಯ್ದ ಗಾಯ ಆರಲಿ ಅಂತ ನೆರಳಿನಲ್ಲಿ ಒಂದು ಪೇಪರ್ ಮೇಲೆ ಒಂದು ದಿನ ಬಿಟ್ಟೆ. ನೀರು ಬೇಡುವ ಗಿಡವನ್ನು ಹಾಗೆ ಒಣಗಲು ಬಿಡಬಹುದಾ ಅಂತ ಭಯ ಇತ್ತು. ಬೇರಿಗೆ ಒದ್ದೆ ಬಟ್ಟೆ ಹೊದಿಸಿ, ಗಾಯದ ಭಾಗ ಮಾತ್ರ ಗಾಳಿಗೆ ಬಿಟ್ಟೆ. ಇವತ್ತು ಮುಟ್ಟಿ ನೋಡಿದರೆ ಗಾಯದ ಮೇಲೆ ತೆಳು ಪೊರೆ ಕಟ್ಟಿದೆ.

ಹದಿನಾರು ಇಂಚಿನ ಕುಂಡದಲ್ಲಿ ಮೂರು ತುಂಡು ಇಟ್ಟೆ. ಮೊಳಕೆ ಇರುವ ತುದಿಗಳು ಒಂದರ ಮುಖ ಒಂದಕ್ಕೆ ತಾಗದ ಹಾಗೆ, ಖಾಲಿ ಜಾಗದ ಕಡೆಗೆ. ಗಡ್ಡೆಯ ಬೆನ್ನು ಮಣ್ಣಿನಿಂದ ಸ್ವಲ್ಪವೇ ಕೆಳಗೆ, ಒಂದು ಇಂಚು ಇರಬಹುದು. ಹಳೆ ದಂಟುಗಳನ್ನು ಅರ್ಧಕ್ಕೆ ಕತ್ತರಿಸಿದೆ, ಬೇರು ಕಡಿಮೆ ಆಗಿದೆ, ಎಲೆಯ ಭಾರ ಹೊರಲಿಕ್ಕೆ ಆಗಲ್ಲ ಅಂತ. ಉಳಿದ ಎರಡು ತುಂಡನ್ನು ಹತ್ತು ಇಂಚಿನ ಬೇರೆ ಕುಂಡಗಳಿಗೆ ಹಾಕಿದೆ. ಒಂದು ಪ್ಲಾಸ್ಟಿಕ್, ಒಂದು ಮಣ್ಣಿನದು. ನೀರುನೆರಳು ಅವರ ಮಾತು ಸರಿಯಾ ಅಂತ ಕಣ್ಣಾರೆ ನೋಡುವ ಆಸೆ.

ಈಗ ಉಳಿದ ಹಳೆ ತುಂಡು, ಬೇರು ಒಂದು ಬಕೆಟ್ ತುಂಬಾ ಇದೆ. ಮನೆ ಹಿಂದಿನ ತೋಡಿಗೆ ಎಸೆದುಬಿಡಲಾ?

ಕಾಡುದಾರಿ:

ದಯವಿಟ್ಟು ತೋಡಿಗೆ ಎಸೆಯಬೇಡಿ. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಇದಕ್ಕೆ ಮಾತ್ರ ಬರೆಯಲೇಬೇಕು ಅನ್ನಿಸಿತು.

ಈ ಗಿಡ ಮೂಲತಃ ಹಿಮಾಲಯದ ತಪ್ಪಲಿನಿಂದ ದಕ್ಷಿಣ ಚೀನಾ ತನಕದ ಪ್ರದೇಶದ್ದು. ಹೂವಿನ ಚೆಂದಕ್ಕೆ, ವಾಸನೆಗೆ ಜನ ಊರೂರಿಗೆ ಒಯ್ದರು. ಕ್ಯೂಬಾದಲ್ಲಿ ಇದು ರಾಷ್ಟ್ರೀಯ ಹೂವೇ ಆಯಿತು, ಅಲ್ಲಿ ಇದನ್ನು ಚಿಟ್ಟೆ ಅನ್ನುವ ಅರ್ಥದಲ್ಲಿ ಮರಿಪೋಸಾ ಅನ್ನುತ್ತಾರೆ. ಆದರೆ ಬ್ರೆಜಿಲ್‌ನಲ್ಲಿ, ಹವಾಯಿಯಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಇದೇ ಗಿಡ ಹೊಳೆ ಬದಿಗಳನ್ನು ಆವರಿಸಿ ಅಲ್ಲಿನ ಗಿಡಗಳಿಗೆ ಉಸಿರುಕಟ್ಟಿಸಿದೆ. ಕಣ್ಣಿರುವ ಒಂದು ತುಂಡು ಗಡ್ಡೆ ನೀರಿನಲ್ಲಿ ತೇಲಿ ಹೋಗಿ ಎಲ್ಲೋ ದಡಕ್ಕೆ ಬಿದ್ದರೆ ಸಾಕು, ಅಲ್ಲಿ ಬೇರು ಬಿಡುತ್ತದೆ. ಇದರ ನೆಂಟನಾದ ಹಳದಿ ಹೂವಿನ ಕಾಹಿಲಿ ಸುಗಂಧಿ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೇ ಇದೆ.

ಕುಂಡದಲ್ಲಿ ಇರುವ ತನಕ ಏನೂ ಭಯ ಇಲ್ಲ. ತುಂಡುಗಳನ್ನು ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ. ಮುರಿದರೆ ಟಕ್ ಅನ್ನಬೇಕು. ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.

ಕುಂಡತೋಟ:

ಇದು ಗೊತ್ತೇ ಇರಲಿಲ್ಲ. ಒಳ್ಳೆ ಸಮಯಕ್ಕೆ ಹೇಳಿದಿರಿ. ಈಗಲೇ ಬಿಸಿಲಿಗೆ ಹರಡುತ್ತೇನೆ.

ಕುಂಡತೋಟ:

ಇವತ್ತಿಗೆ ಹನ್ನೆರಡು ದಿನ. ಸ್ವಲ್ಪ ಆತಂಕ ಆಗುತ್ತಿದೆ. ಅರ್ಧ ಕತ್ತರಿಸಿದ ದಂಟುಗಳಲ್ಲಿ ಉಳಿದ ಎಲೆಗಳು ಹಳದಿಯಾಗುತ್ತಿವೆ. ಮೊಳಕೆಗಳು ಇದ್ದಲ್ಲೇ ಇವೆ, ಒಂದು ಚೂರೂ ಮೇಲೆದ್ದಿಲ್ಲ. ನೀರು ಕಡಿಮೆ ಆಯಿತಾ ಅಂತ ನಿನ್ನೆಯಿಂದ ಮೂರು ಹೊತ್ತು ಹಾಕುತ್ತಿದ್ದೇನೆ. ಗೊಬ್ಬರ ಏನಾದರೂ ಕೊಡಲಾ?

ಮಣ್ಣಿನಹದ:

ನಿಲ್ಲಿಸಿ, ನಿಲ್ಲಿಸಿ. ಮೂರು ಹೊತ್ತು ಬೇಡ. ಗೊಬ್ಬರವೂ ಬೇಡ.

ಈ ಹೊತ್ತಿನಲ್ಲೇ ಎಲ್ಲರೂ ಎಡವುವುದು. ಗಿಡ ನೀರು ಇಷ್ಟಪಡುತ್ತದೆ ನಿಜ, ಆದರೆ ಈಗ ಅದಕ್ಕೆ ಕುಡಿಯುವ ಬಾಯಿಯೇ ಇಲ್ಲ. ಬೇರಿನ ತುದಿಯ ನಯವಾದ ರೋಮಗಳಿಂದ ನೀರು ಒಳಗೆ ಹೋಗುವುದು. ಬಿಡಿಸುವಾಗ ಅವೆಲ್ಲ ಹರಿದಿರುತ್ತವೆ. ಹೊಸದು ಬರಲು ಎರಡು ಮೂರು ವಾರ ಬೇಕು. ಅಲ್ಲಿ ತನಕ ಹಾಕಿದ ನೀರು ಹಾಗೇ ಕೂತಿರುತ್ತದೆ.

ಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗೆ ತೂರಿಸಿ. ತಂಪಾಗಿ, ಮಣ್ಣು ಬೆರಳಿಗೆ ಅಂಟಿದರೆ ನೀರು ಬೇಡ. ಒಣ ಹುಡಿಯಾಗಿ ಉದುರಿದರೆ ಹಾಕಿ. ಇನ್ನೂ ಒಳ್ಳೆಯದು ಅಂದರೆ ಸಣ್ಣ ಕುಂಡಗಳನ್ನು ಎತ್ತಿ ನೋಡುವ ಅಭ್ಯಾಸ. ನೀರು ಹಾಕಿ ಬಸಿದ ಮೇಲೆ ಒಂದು ಸಲ ಎತ್ತಿ, ಆ ಭಾರ ಕೈಗೆ ನೆನಪಿರಲಿ. ವಾರದಲ್ಲಿ ಕೈಯೇ ಹೇಳುತ್ತದೆ.

ಹಳೆ ಎಲೆ ಹಳದಿಯಾಗುವುದು ಸಹಜ, ಗಿಡ ಅದರಲ್ಲಿದ್ದ ಸಾರವನ್ನು ಗಡ್ಡೆಗೆ ಎಳೆದುಕೊಳ್ಳುತ್ತಿದೆ. ಪೂರ್ತಿ ಒಣಗುವ ಮೊದಲು ಕೀಳಬೇಡಿ. ಮೊಳಕೆಯನ್ನು ಮೆಲ್ಲಗೆ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಒಳಗೆ ಬೇರಿನ ಕೆಲಸ ನಡೆಯುತ್ತಿದೆ ಅಂತ ಅರ್ಥ.

ಕುಂಡತೋಟ:

ಒತ್ತಿ ನೋಡಿದೆ, ಗಟ್ಟಿಯಾಗಿವೆ. ಮಣ್ಣಿನ ಕುಂಡದ್ದು ಬಿಟ್ಟರೆ ಉಳಿದ ಎರಡರಲ್ಲೂ ಮಣ್ಣು ಬೆರಳಿಗೆ ಅಂಟುತ್ತಿದೆ. ನೀರು ನಿಲ್ಲಿಸಿದೆ.

ಹೊಸಚಿಗುರು:

ಅಕ್ಕ, ಹೇಗಿದೆ ಗಿಡ? ದಿನಾ ಬಂದು ನೋಡುತ್ತಿದ್ದೇನೆ.

ಕುಂಡತೋಟ:

ಐದು ವಾರ ಆಯಿತು. ಹತ್ತೊಂಬತ್ತನೇ ದಿನ ಮೊದಲ ಮೊಳಕೆ ಕದಲಿತು. ಈಗ ದೊಡ್ಡ ಕುಂಡದಲ್ಲಿ ಏಳು ಹೊಸ ದಂಟು, ಎತ್ತರದ್ದು ನನ್ನ ಮೊಣಕಾಲಿನ ತನಕ ಬಂದಿದೆ. ಹಳೆ ದಂಟಿಗಿಂತ ದಪ್ಪ. ಎಲೆ ಬಿಚ್ಚುವ ಮುಂಚೆ ಸೂಜಿಯ ಹಾಗೆ ಸುತ್ತಿಕೊಂಡಿರುತ್ತದಲ್ಲ, ಬೆಳಿಗ್ಗೆ ಅದರ ತುದಿಯಲ್ಲಿ ಒಂದೊಂದು ಹನಿ ನೀರು. ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಸಣ್ಣ ಕುಂಡಗಳಲ್ಲಿ ವ್ಯತ್ಯಾಸ ಕಾಣುತ್ತಿದೆ. ಪ್ಲಾಸ್ಟಿಕ್‌ನದು ಮೂರು ದಂಟು. ಮಣ್ಣಿನ ಕುಂಡದ್ದು ಎರಡು, ಸ್ವಲ್ಪ ಗಿಡ್ಡ. ಅದಕ್ಕೆ ಎರಡು ಪಟ್ಟು ನೀರು ಬೇಕಾಗುತ್ತಿದೆ. ಈಗ ತಟ್ಟೆಯಲ್ಲಿ ನೀರು ನಿಲ್ಲಿಸಿ ಇಡಬಹುದಾ? ಗೊಬ್ಬರ ಯಾವಾಗ?

ನೀರುನೆರಳು:

ಈಗ ಇಡಬಹುದು. ಬೇರು ಹಿಡಿದಿದೆ, ಸೆಖೆಯೂ ಇದೆ. ಮಣ್ಣಿನ ಕುಂಡದ ಕೆಳಗೆ ಒಂದು ಇಂಚು ನೀರಿರುವ ತಟ್ಟೆ ಇಡಿ. ಸಂಜೆಯೊಳಗೆ ಅದು ಕುಡಿದು ಮುಗಿಸಿದರೆ ಸರಿ ಇದೆ. ಮಾರನೇ ದಿನವೂ ನೀರು ಹಾಗೇ ಇದ್ದರೆ ತಟ್ಟೆ ತೆಗೆದುಬಿಡಿ. ಸೊಳ್ಳೆಯೂ ಆಗುತ್ತದೆ. ಚಳಿ ಶುರುವಾದ ಮೇಲೆ ತಟ್ಟೆ ಖಂಡಿತ ಬೇಡ.

ಗೊಬ್ಬರ ಈಗ ಶುರು ಮಾಡಿ. ಇದು ಹೊಟ್ಟೆಬಾಕ ಗಿಡ, ಕೊಟ್ಟಷ್ಟು ತಿನ್ನುತ್ತದೆ. ಆದರೆ ಒಮ್ಮೆಲೇ ಸುರಿಯಬೇಡಿ. ತಿಂಗಳಿಗೊಮ್ಮೆ ದೊಡ್ಡ ಕುಂಡಕ್ಕೆ ಎರಡು ಹಿಡಿ ಎರೆಹುಳು ಗೊಬ್ಬರ ಮೇಲೆ ಉದುರಿಸಿ. ಅದರ ಮೇಲೆ ಒಣ ಎಲೆ ಹೊದಿಸಿದರೆ ತೇವ ನಿಲ್ಲುತ್ತದೆ, ದಂಟಿನ ಬುಡಕ್ಕೆ ಮಾತ್ರ ತಾಗದಿರಲಿ. ಸಾರಜನಕ ಮಾತ್ರ ಇರುವ ಗೊಬ್ಬರ ಕೊಟ್ಟರೆ ಎಲೆ ಎಲೆ ಎಲೆ, ಹೂವಿಲ್ಲ.

ಆಗಾಗ ಎಲೆಯ ಹಿಂಬದಿ ನೋಡಿ. ಗಾಳಿ ಒಣಗಿದಾಗ ಕೆಂಪು ನುಸಿ ಬರುತ್ತದೆ. ಸಣ್ಣ ಸಣ್ಣ ಮಸುಕು ಚುಕ್ಕೆ ಕಂಡರೆ ಬೆಳಿಗ್ಗೆ ಹೊತ್ತು ನೀರಿನಿಂದ ಎಲೆಯ ಅಡಿಯನ್ನು ಜೋರಾಗಿ ತೊಳೆದರೆ ಸಾಕಾಗುತ್ತದೆ.

ಹಸಿರೆಲೆ:

ನನ್ನ ಹತ್ತಿರ ಇರುವ ಕಾಬಾಳೆ ಗಿಡವನ್ನೂ ಇದೇ ಕ್ರಮದಲ್ಲಿ ಬಿಡಿಸಿ ನೆಟ್ಟೆ, ಈ ಸಲ ಜಲ್ಲಿ ಇಲ್ಲದೆ. ಬಲೆ ಹಾಕಿದೆ. ಹದಿನೈದು ದಿನದಲ್ಲಿ ಎಲೆ ಬಂತು. ಅದೂ ಗಡ್ಡೆ ಅಡ್ಡ ಓಡುವ, ನೀರು ಬೇಡುವ ಗಿಡವೇ.

ಕುಂಡತೋಟ:

ನಾಲ್ಕೂವರೆ ತಿಂಗಳಾಯಿತು. ಇದನ್ನು ಬರೆಯಲು ಸಂಜೆಯಿಂದ ಕಾಯುತ್ತಿದ್ದೆ.

ಹದಿನೈದು ದಿನದ ಹಿಂದೆ ದೊಡ್ಡ ಕುಂಡದ ಎತ್ತರದ ದಂಟಿನ ತುದಿಯಲ್ಲಿ ಹಸಿರು ತೆನೆ ಕಾಣಿಸಿತು. ಮೀನಿನ ಚಿಪ್ಪಿನ ಹಾಗೆ ಒಂದರ ಮೇಲೊಂದು ಹಸಿರು ಹೊದಿಕೆ. ಮೊನ್ನೆ ಒಂದು ಹೊದಿಕೆಯ ಒಳಗಿಂದ ಬಿಳಿ ಮೊಗ್ಗು, ಸುತ್ತಿದ ಕಾಗದದ ಹಾಗೆ, ಉದ್ದಕ್ಕೆ ಹೊರಬಂತು. ಇವತ್ತು ಸಂಜೆ ಅದರ ಮುಂದೆಯೇ ಕೂತಿದ್ದೆ. ಬೆಳಕು ಇಳಿಯುತ್ತಿದ್ದ ಹಾಗೆ ಮೊಗ್ಗಿನ ತುದಿ ಸಡಿಲವಾಯಿತು. ಕಣ್ಣಿಗೆ ಕಾಣುವ ಹಾಗೆ ಅಲ್ಲ, ಆದರೆ ಪ್ರತಿ ಸಲ ತಿರುಗಿ ನೋಡಿದಾಗಲೂ ಸ್ವಲ್ಪ ಜಾಸ್ತಿ ತೆರೆದಿರುತ್ತಿತ್ತು. ಪೂರ್ತಿ ಅರಳುವ ಮೊದಲೇ ಘಮ ಬಂತು. ಎರಡು ವರ್ಷ ಆದ ಮೇಲೆ ಬಂದ ವಾಸನೆ. ನನಗೆ ಗಂಟಲು ಕಟ್ಟಿತು.

ದೊಡ್ಡ ಕುಂಡದಲ್ಲಿ ಇನ್ನೂ ಮೂರು ತೆನೆ ಇವೆ. ಸಣ್ಣ ಪ್ಲಾಸ್ಟಿಕ್ ಕುಂಡದಲ್ಲಿ ಒಂದು. ಮಣ್ಣಿನ ಕುಂಡದ್ದು ಇನ್ನೂ ತೆನೆ ಹಾಕಿಲ್ಲ, ಆದರೆ ತಟ್ಟೆ ಇಟ್ಟ ಮೇಲೆ ಹುರುಪು ಬಂದಿದೆ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಹೂ ಮುಗಿದ ದಂಟನ್ನು ಕೂಡಲೇ ಕತ್ತರಿಸಬೇಕಾ?

ಹೊಸಚಿಗುರು:

ಓದಿ ನನಗೂ ಕಣ್ಣು ತುಂಬಿತು ಅಕ್ಕ.

ಮಣ್ಣಿನಹದ:

ತುಂಬಾ ಸಂತೋಷ ಆಯಿತು. ಆ ಒಂದು ಹೂ ನಾಳೆ ಹೊತ್ತಿಗೆ ಬಾಡಬಹುದು, ಬೇಜಾರು ಮಾಡಿಕೊಳ್ಳಬೇಡಿ. ಒಂದೊಂದು ಹೊದಿಕೆಯ ಒಳಗೂ ಎರಡು ಮೂರು ಮೊಗ್ಗು ಸರದಿಯಲ್ಲಿ ಕಾಯುತ್ತಿರುತ್ತವೆ. ಬಾಡಿದ್ದನ್ನು ಮೆಲ್ಲಗೆ ಎಳೆದು ತೆಗೆಯಿರಿ, ಒದ್ದೆಯಾಗಿ ಅಲ್ಲೇ ಕೊಳೆತರೆ ಪಕ್ಕದ ಮೊಗ್ಗಿಗೂ ತಾಗುತ್ತದೆ.

ದಂಟನ್ನು ಕೂಡಲೇ ಕತ್ತರಿಸಬೇಡಿ. ತೆನೆ ಪೂರ್ತಿ ಮುಗಿದ ಮೇಲೆ ತೆನೆಯನ್ನು ಮಾತ್ರ ತೆಗೆಯಿರಿ. ಎಲೆ ಹಸಿರಾಗಿರುವ ತನಕ ಅದು ಗಡ್ಡೆಗೆ ಆಹಾರ ಕಳಿಸುತ್ತಿರುತ್ತದೆ, ಮುಂದಿನ ಮೊಳಕೆ ದಪ್ಪವಾಗುವುದು ಅದರಿಂದಲೇ. ಎಲೆಗಳು ತಾವಾಗಿ ಹಳದಿಯಾದಾಗ ಬುಡದ ತನಕ ಕತ್ತರಿಸಿ, ಎರಡು ಇಂಚು ಕೂಳೆ ಬಿಡಿ. ಆಗ ಬುಡದಲ್ಲಿ ಮಣ್ಣು ಕೆದಕಿ ನೋಡಿದರೆ ಪಕ್ಕದಲ್ಲೇ ಹೊಸ ನಸುಗೆಂಪು ಕಣ್ಣು ಕಾಣುತ್ತದೆ. ಅದು ಯಾವ ಕಡೆಗೆ ಮುಖ ಮಾಡಿದೆ, ಗೋಡೆಗೆ ಎಷ್ಟು ಹತ್ತಿರ ಇದೆ ಅಂತ ಗುರುತು ಇಟ್ಟುಕೊಳ್ಳಿ.

ಕುಂಡತೋಟ:

ಸರಿ. ಹಾಗೇ ಬಿಡುತ್ತೇನೆ. ಕತ್ತಲಾಗಿದೆ, ಎರಡನೇ ಮೊಗ್ಗೂ ತುದಿ ಬಿಟ್ಟಿದೆ. ಕುರ್ಚಿ ಅಲ್ಲೇ ಇದೆ, ಹೋಗಿ ಕೂರುತ್ತೇನೆ.